ನಿಸ್ತಂತು ಆಟ-ನಿಯಂತ್ರಕವೂ ಗಣಕಯಂತ್ರವೂ: ಸಂಪರ್ಕದೋಷಗಳ ವಿವೇಚನೆ

ಗಣಕಯಂತ್ರದ ಮೇಲೆ ಆಡುವ ಆಟಗಳಿಗೆ ಕೀಲಿಮಣೆಯ ಬದಲು ಎರಡು ಕೈಗಳಲ್ಲಿ ಹಿಡಿಯತಕ್ಕ ನಿಯಂತ್ರಕವನ್ನು ಬಳಸುವುದು ಈಗ ಸರ್ವಸಾಮಾನ್ಯವಾಗಿದೆ. ರೂಢಿಯಲ್ಲಿ ಇದಕ್ಕೆ ಕಂಟ್ರೋಲರ್ ಎಂದೇ ಹೆಸರು. ಹಿಂದೆ ತಂತಿಯ ಮೂಲಕ ಯಂತ್ರಕ್ಕೆ ಸೇರುತ್ತಿದ್ದ ಈ ಸಾಧನವು ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ನಿಸ್ತಂತುವಾಗಿದೆ. ತಂತಿ ಹೋದುದರಿಂದ ಅನುಕೂಲವಾಯಿತು. ಅದರ ಜೊತೆಯಲ್ಲಿ ಕೆಲವು ದೂರುಗಳೂ ಹುಟ್ಟಿಕೊಂಡುವು. ಕಂಟ್ರೋಲರ್ ಯಂತ್ರಕ್ಕೆ ಸೇರುವುದೇ ಇಲ್ಲ ಎಂಬುದು ಒಂದು. ಸೇರಿದರೂ ಆಟದ ನಡುವೆ ಸಂಪರ್ಕ ಕಡಿದುಹೋಗುತ್ತದೆ ಎಂಬುದು ಇನ್ನೊಂದು. ಸೇರಿದೆಯೆಂದು ಯಂತ್ರವು ಹೇಳಿದರೂ ಆಟವು ಅದನ್ನು ಗುರುತಿಸುವುದಿಲ್ಲ ಎಂಬುದು ಮತ್ತೊಂದು.

ಈ ಮೂರನ್ನೂ ಜನರು ಒಂದೇ ಹೆಸರಿನಿಂದ ಕರೆಯುತ್ತಾರೆ. ಅನೇಕ ವೇಳೆ ಒಂದೇ ಪರಿಹಾರವನ್ನೂ ಕಂಡುಕೊಳ್ಳುತ್ತಾರೆ: ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವುದು. ಆದರೆ ಇವು ಮೂಲತಃ ಮೂರು ಬೇರೆ ಬೇರೆ ದೋಷಗಳು. ಮೊದಲನೆಯದನ್ನು ಪರಿಚಯದ ದೋಷವೆಂದೂ ಎರಡನೆಯದನ್ನು ಹಾದಿಯ ದೋಷವೆಂದೂ ಮೂರನೆಯದನ್ನು ಭಾಷೆಯ ದೋಷವೆಂದೂ ನಾವು ಕರೆಯೋಣ. ನಿಯಂತ್ರಕ ಮತ್ತು ಗಣಕಯಂತ್ರ ಇವೆರಡೂ ಸುಸ್ಥಿತಿಯಲ್ಲಿರುವಾಗಲೂ ಈ ಮೂರರಲ್ಲಿ ಯಾವುದಾದರೂ ಉಂಟಾಗಬಹುದು ಎಂಬುದನ್ನು ತೋರಿಸಿ, ಅವನ್ನು ಒಂದರಿಂದೊಂದು ಬೇರ್ಪಡಿಸುವ ಕ್ರಮವನ್ನು ಹೇಳುವುದು ಪ್ರಸ್ತುತ ಲೇಖನದ ಉದ್ದೇಶ.

ಆಟದ ಸಾಮಾನಿಗೆ ಇಷ್ಟೊಂದು ವಿವೇಚನೆ ಏಕೆ ಎಂದು ಕೆಲವರು ಕೇಳಬಹುದು. ೨೦೧೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಕೈಕಾಲುಗಳ ಚಲನೆ ಕುಂಠಿತವಾದವರಿಗಾಗಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬ ಸಾಧನವನ್ನು ಹೊರತಂದಿತು. ಅದರಲ್ಲಿ ಅಂಗೈಯಿಂದಲೂ ಒತ್ತಬಹುದಾದ ಎರಡು ದೊಡ್ಡ ಗುಂಡಿಗಳಿವೆ. ಪಾದದಿಂದಲೋ ಗದ್ದದಿಂದಲೋ ಒತ್ತುವ ಹೊರಗಿನ ಸ್ವಿಚ್ಚುಗಳನ್ನು ಅದಕ್ಕೆ ಜೋಡಿಸಬಹುದು. ಇಂಥ ಸಾಧನವನ್ನು ನೆಚ್ಚಿಕೊಂಡವನಿಗೆ ಸಂಪರ್ಕ ಕಡಿದುಹೋಗುವುದು ಬರಿಯ ಬೇಸರದ ಸಂಗತಿಯಲ್ಲ. ಸರೀಕರೊಡನೆ ಕೂಡಿ ಆಡುವ ಬಾಗಿಲೇ ಮುಚ್ಚಿದಂತೆ. ಇದಲ್ಲದೆ, ಕೆಡದ ಯಂತ್ರವನ್ನು ಕೆಟ್ಟಿತೆಂದು ಎಸೆಯುವುದು ಯಾವ ಮನೆಗೂ ಒಳ್ಳೆಯ ಲೆಕ್ಕವಲ್ಲ.

೧. ಪರಿಚಯದ ದೋಷ

ಬ್ಲೂಟೂತ್ ರೀತಿಯಲ್ಲಿ ಎರಡು ಸಾಧನಗಳು ಮೊದಲ ಬಾರಿ ಕೂಡುವಾಗ ಒಂದು ಗುಪ್ತ ಸಂಖ್ಯೆಯನ್ನು ನಿಶ್ಚಯಿಸಿಕೊಂಡು, ಎರಡೂ ಅದನ್ನು ತಮ್ಮ ತಮ್ಮ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಇದಕ್ಕೆ ಪೇರಿಂಗ್ ಎಂದು ಹೆಸರು. ಮುಂದಿನ ಪ್ರತಿಯೊಂದು ಭೇಟಿಯಲ್ಲಿಯೂ ಈ ಸಂಖ್ಯೆಯ ಆಧಾರದಿಂದಲೇ ಒಂದನ್ನೊಂದು ಗುರುತಿಸಬೇಕು. ಇಬ್ಬರಲ್ಲಿ ಒಬ್ಬರ ಬಳಿ ಈ ಸಂಖ್ಯೆ ಅಳಿದುಹೋದರೆ ಅಥವಾ ಬದಲಾದರೆ, ಇನ್ನೊಬ್ಬರು ಎಷ್ಟು ಸಲ ಕರೆದರೂ ಬಾಗಿಲು ತೆರೆಯದು.

ಇದಕ್ಕೆ ಒಂದು ಒಳ್ಳೆಯ ನಿದರ್ಶನವುಂಟು. ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳನ್ನು ಇಟ್ಟುಕೊಂಡವರು ಮೊದಲು ವಿಂಡೋಸಿನಲ್ಲಿ ನಿಯಂತ್ರಕವನ್ನು ಪರಿಚಯಿಸುತ್ತಾರೆ. ಆಮೇಲೆ ಲಿನಕ್ಸಿನಲ್ಲಿಯೂ ಪರಿಚಯಿಸುತ್ತಾರೆ. ಮರಳಿ ವಿಂಡೋಸಿಗೆ ಬಂದರೆ ನಿಯಂತ್ರಕವು ಸೇರುವುದಿಲ್ಲ. ಎರಡು ವ್ಯವಸ್ಥೆಗಳಿಗೂ ಬ್ಲೂಟೂತ್ ಯಂತ್ರಾಂಶವೊಂದೇ, ಆದುದರಿಂದ ವಿಳಾಸವೂ ಒಂದೇ. ಆದರೆ ಗುಪ್ತ ಸಂಖ್ಯೆಗಳು ಎರಡು. ಆ ವಿಳಾಸಕ್ಕೆ ಹೊಸ ಸಂಖ್ಯೆಯನ್ನು ಬರೆದುಕೊಂಡಾಗ ನಿಯಂತ್ರಕವು ಹಳೆಯದನ್ನು ಅಳಿಸಿತು. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ನಿಯಂತ್ರಕವನ್ನು ಆಟದ ಪೆಟ್ಟಿಗೆಗೂ ಗಣಕಯಂತ್ರಕ್ಕೂ ಸರದಿಯಾಗಿ ಬಳಸುವವರಿಗೆ ಬರುವ ತೊಂದರೆಯೂ ಬಹುಶಃ ಇದೇ ಜಾತಿಯದು. ಗಣಕಯಂತ್ರದ ಪಟ್ಟಿಯಿಂದ ನಿಯಂತ್ರಕದ ಹಳೆಯ ಹೆಸರನ್ನು ತೆಗೆದುಹಾಕಿ, ನಿಯಂತ್ರಕವನ್ನು ಪರಿಚಯದ ಸ್ಥಿತಿಗೆ ತಂದು, ಹೊಸದಾಗಿ ಕೂಡಿಸುವುದೇ ಪರಿಹಾರ. ಹಳೆಯ ಹೆಸರನ್ನು ಉಳಿಸಿಕೊಂಡೇ ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ಫಲವಿಲ್ಲ.

ಕೆಲವು ವೇಳೆ ಪರಿಚಯವು ಸಾಧ್ಯವೇ ಇರುವುದಿಲ್ಲ. ೨೦೧೩ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆಯಲ್ಲಿ ಬಂದ ನಿಯಂತ್ರಕದಲ್ಲಿ ಬ್ಲೂಟೂತ್ ಇಲ್ಲ. ಅದು ತಯಾರಕರದೇ ಆದ ಬೇರೊಂದು ರೇಡಿಯೋ ರೀತಿಯನ್ನು ಬಳಸುತ್ತದೆ. ಅದನ್ನು ವಿಂಡೋಸ್ ಯಂತ್ರಕ್ಕೆ ನಿಸ್ತಂತುವಾಗಿ ಕೂಡಿಸಲು ೨೦೧೫ರಲ್ಲಿ ಬಂದ ಪ್ರತ್ಯೇಕ ಗ್ರಾಹಕದ ತುಂಡು ಬೇಕು. ಬ್ಲೂಟೂತ್ ಸೇರಿದುದು ೨೦೧೬ರ ಮಾದರಿಯಿಂದ. ನೋಡುವುದಕ್ಕೆ ಇವೆರಡೂ ಅವಳಿಗಳಂತಿವೆ. ನಡುವಿನ ಎಕ್ಸ್‌ಬಾಕ್ಸ್ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ಕು ಮುಂಭಾಗದ ಮೈಯೊಡನೆ ಒಂದಾಗಿದ್ದರೆ ಬ್ಲೂಟೂತ್ ಉಂಟು. ಮೇಲಂಚಿನ ಗುಂಡಿಗಳಿರುವ ಬೇರೆ ತುಂಡಿಗೆ ಸೇರಿದ್ದರೆ ಇಲ್ಲ. ಈ ಗುರುತನ್ನು ತಿಳಿಯದವರು ಗಂಟೆಗಟ್ಟಲೆ ವ್ಯರ್ಥವಾಗಿ ಶ್ರಮಿಸುವುದುಂಟು.

೨. ಹಾದಿಯ ದೋಷ

ಪರಿಚಯವಾದ ಮೇಲೆ ಸಂದೇಶಗಳು ಆಕಾಶಮಾರ್ಗದಲ್ಲಿ ಸಾಗಬೇಕು. ಬ್ಲೂಟೂತ್ ನಿಯಂತ್ರಕಗಳ ಹಾದಿ ೨೪೦೦ರಿಂದ ೨೪೮೩.೫ ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಇಲ್ಲಿ ಅಲೆಯ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರು. ಭಾರತದಲ್ಲಿ ೨೦೦೫ರ ನಿಯಮಗಳಂತೆ ಅಲ್ಪಶಕ್ತಿಯ ಸಾಧನಗಳನ್ನು ಈ ಪಟ್ಟಿಯಲ್ಲಿ ಪರವಾನಗಿಯಿಲ್ಲದೆ ಬಳಸಬಹುದು. ಪರವಾನಗಿ ಬೇಡವೆಂಬುದಕ್ಕೆ ಇನ್ನೊಂದು ಮುಖವೂ ಉಂಟು: ಇಲ್ಲಿ ಯಾರಿಗೂ ಮೀಸಲು ಹಕ್ಕಿಲ್ಲ. ವೈ-ಫೈ, ನಿಸ್ತಂತು ಮೌಸು, ಕಿವಿಯ ಸಾಧನ ಎಲ್ಲವೂ ಇದೇ ಬಯಲಿನಲ್ಲಿ ಮಾತನಾಡುತ್ತವೆ. ಮೈಕ್ರೋವೇವ್ ಒಲೆಯೂ ೨೪೫೦ ಮೆಗಾಹರ್ಟ್ಸ್ ಸುತ್ತಮುತ್ತ ಕೆಲಸಮಾಡುತ್ತ ಅಲ್ಪಸ್ವಲ್ಪವನ್ನು ಹೊರಕ್ಕೆ ಸೋರಿಸುತ್ತದೆ.

ಈ ಜನಜಂಗುಳಿಯಲ್ಲಿ ಬ್ಲೂಟೂತ್ ಕಂಡುಕೊಂಡ ಉಪಾಯವು ರಮಣೀಯವಾದುದು. ಅದರ ಮೂಲರೂಪದಲ್ಲಿ ಪಟ್ಟಿಯನ್ನು ಒಂದೊಂದು ಮೆಗಾಹರ್ಟ್ಸ್ ಅಗಲದ ೭೯ ಓಣಿಗಳಾಗಿ ವಿಂಗಡಿಸಲಾಗಿದೆ. ಮಾತನಾಡುವ ಎರಡು ಸಾಧನಗಳೂ ಒಡಂಬಟ್ಟ ಕ್ರಮದಲ್ಲಿ ಒಂದು ಸೆಕೆಂಡಿಗೆ ೧೬೦೦ ಬಾರಿ ಓಣಿಯಿಂದ ಓಣಿಗೆ ಹಾರುತ್ತವೆ. ಒಂದು ಓಣಿಯಲ್ಲಿ ಗದ್ದಲವಿದ್ದರೆ ನಷ್ಟವಾಗುವುದು ಅತ್ಯಲ್ಪ ಕಾಲ ಮಾತ್ರ. ೨೦೦೩ರ ಬ್ಲೂಟೂತ್ ೧.೨ ಆವೃತ್ತಿಯಿಂದೀಚೆಗೆ ಗದ್ದಲದ ಓಣಿಗಳನ್ನು ಗುರುತಿಸಿ ಅವನ್ನು ಬಿಟ್ಟು ಹಾರುವ ವಿವೇಕವೂ ಸೇರಿದೆ. ವೈ-ಫೈ ಓಣಿಯೊಂದು ಸುಮಾರು ೨೦ ಮೆಗಾಹರ್ಟ್ಸ್ ಅಗಲವಾದುದರಿಂದ, ಒಂದು ವೈ-ಫೈ ಇದ್ದರೂ ಬ್ಲೂಟೂತಿಗೆ ಸಾಕಷ್ಟು ಜಾಗ ಉಳಿಯುತ್ತದೆ. ಆದರೆ ವಸತಿಸಮುಚ್ಚಯಗಳಲ್ಲಿ ನೆರೆಮನೆಗಳ ವೈ-ಫೈಗಳು ೧, ೬, ೧೧ ಎಂಬ ಮೂರು ಓಣಿಗಳನ್ನೂ ತುಂಬಿದ್ದರೆ, ಬಿಟ್ಟು ಹಾರುವುದಕ್ಕೆ ಎಡೆಯೇ ಕಡಿಮೆಯಾಗುತ್ತದೆ.

ಕಳೆದುಹೋದ ಸಂದೇಶವನ್ನು ಬ್ಲೂಟೂತ್ ಮತ್ತೆ ಕಳುಹಿಸುತ್ತದೆ. ಕಡತವೊಂದನ್ನು ಸಾಗಿಸುವಾಗ ಇದರಿಂದ ಬಾಧಕವಿಲ್ಲ. ಆದರೆ ಆಟದಲ್ಲಿ ಚಿತ್ರವು ಸೆಕೆಂಡಿಗೆ ೬೦ ಬಾರಿ ಬದಲಾಗುತ್ತಿದ್ದರೆ ಒಂದೊಂದು ಚಿತ್ರದ ಆಯುಷ್ಯ ಸುಮಾರು ೧೭ ಮಿಲಿಸೆಕೆಂಡು. ಅಷ್ಟರೊಳಗೆ ಬಾರದ ಸಂದೇಶವು ತಡವಾದ ಸಂದೇಶವೇ. ಆದುದರಿಂದಲೇ ಅದೇ ಗಣಕಯಂತ್ರದಲ್ಲಿ ಉಳಿದ ನಿಸ್ತಂತು ಕೆಲಸಗಳು ಸರಾಗವಾಗಿ ನಡೆಯುತ್ತಿದ್ದರೂ ನಿಯಂತ್ರಕವೊಂದೇ ಎಡವಿದಂತೆ ಕಾಣುತ್ತದೆ. ಮೈಕ್ ಇರುವ ಬ್ಲೂಟೂತ್ ಕಿವಿಯ ಸಾಧನವನ್ನೂ ಅದೇ ಗ್ರಾಹಕಕ್ಕೆ ಕೂಡಿಸಿದರೆ ಧ್ವನಿಯು ತನ್ನ ಪಾಲಿನ ಕಾಲವನ್ನು ಮೀಸಲಿರಿಸಿಕೊಳ್ಳುತ್ತದೆ. ಎಡವುವುದು ಇನ್ನೂ ಹೆಚ್ಚುತ್ತದೆ.

ಹೊರಗಿನ ಗದ್ದಲಕ್ಕಿಂತ ಒಳಗಿನ ಗದ್ದಲವು ಅನೇಕ ಸಲ ಪ್ರಬಲವಾದುದು. ೨೦೦೮ರಲ್ಲಿ ರೂಪುಗೊಂಡ ಯು.ಎಸ್.ಬಿ. ೩.೦ ರೀತಿಯಲ್ಲಿ ಸೆಕೆಂಡಿಗೆ ೫೦೦ ಕೋಟಿ ಬಿಟ್ಟುಗಳ ವೇಗದಿಂದ ಸಂಕೇತಗಳು ಹರಿಯುತ್ತವೆ. ಈ ಹರಿವಿನಿಂದ ಹೊರಹೊಮ್ಮುವ ವಿದ್ಯುತ್ಕಾಂತೀಯ ಗದ್ದಲವು ವಿಶಾಲವಾಗಿ ಹರಡಿ ೨೪೦೦ ಮೆಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. ಇಂಟೆಲ್ ಸಂಸ್ಥೆಯು ೨೦೧೨ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಇಂಥ ಡಿಸ್ಕೊಂದನ್ನು ಜೋಡಿಸಿದಾಗ ಈ ಪಟ್ಟಿಯ ಗದ್ದಲದ ಮಟ್ಟವು ಸುಮಾರು ೨೦ ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ನೂರು ಪಟ್ಟಿನಷ್ಟು, ಏರಿದುದು ಕಂಡುಬಂದಿತು. ಗದ್ದಲವು ಬೇಕಾದ ಸಂಕೇತದ ಪಟ್ಟಿಯೊಳಗೇ ಇರುವುದರಿಂದ ಅದನ್ನು ಸೋಸಿ ತೆಗೆಯುವುದು ಗ್ರಾಹಕಕ್ಕೆ ಅಸಾಧ್ಯ. ಬೆರಳಿನ ಉಗುರಿನಷ್ಟು ದೊಡ್ಡದಾದ ಬ್ಲೂಟೂತ್ ತುಂಡನ್ನು ಇಂಥ ಡಿಸ್ಕಿನ ಪಕ್ಕದ ಕಿಂಡಿಗೇ ಸಿಕ್ಕಿಸಿದವರು, ಸಂತೆಯ ನಡುವೆ ನಿಂತು ಪಿಸುಮಾತನ್ನು ಕೇಳಬಯಸುವವರಂತೆ. ಗ್ರಾಹಕವನ್ನು ಒಂದು ಮೀಟರು ಉದ್ದದ ಯು.ಎಸ್.ಬಿ. ೨.೦ ವಿಸ್ತರಣ ತಂತಿಯ ತುದಿಗೆ ತಂದು ಮೇಜಿನ ಮೇಲಿಟ್ಟರೆ ತೊಂದರೆಯು ಬಹುಪಾಲು ಕಳೆಯುತ್ತದೆ.

ಇದೇ ಉಪಾಯದಿಂದ ಇನ್ನೊಂದು ಅಡ್ಡಿಯೂ ನಿವಾರಣೆಯಾಗುತ್ತದೆ. ಯಂತ್ರದ ಹಿಂಭಾಗದಲ್ಲಿರುವ ಗ್ರಾಹಕಕ್ಕೂ ಆಡುವವನಿಗೂ ನಡುವೆ ಲೋಹದ ಪೆಟ್ಟಿಗೆ ಅಡ್ಡ ನಿಲ್ಲುತ್ತದೆ. ಮನುಷ್ಯದೇಹದಲ್ಲಿ ನೀರಿನ ಅಂಶವು ಅಧಿಕವಾದುದರಿಂದ ಅದೂ ಈ ಅಲೆಗಳನ್ನು ಹೀರುತ್ತದೆ. ಮೇಜಿನ ಗಣಕಯಂತ್ರದ ಒಳಗೇ ಬ್ಲೂಟೂತ್ ಇದ್ದಲ್ಲಿ ಹಿಂಬದಿಗೆ ತಿರುಪಿ ಕೂಡಿಸತಕ್ಕ ಆಂಟೆನಾಗಳನ್ನು ಕೊಟ್ಟಿರುತ್ತಾರೆ. ನಮ್ಮಲ್ಲಿ ಕೇಬಲ್‌ನಿಂದ ಅಂತರ್ಜಾಲ ಬರುತ್ತದೆ, ವೈ-ಫೈ ಬೇಡ ಎಂದು ಅವನ್ನು ಡಬ್ಬಿಯಲ್ಲೇ ಬಿಡುವವರು, ಬ್ಲೂಟೂತಿಗೂ ಅದೇ ಆಂಟೆನಾ ಎಂಬುದನ್ನು ಮರೆತಿರುತ್ತಾರೆ.

ಶಕ್ತಿಯ ಕೊರತೆಯನ್ನೂ ಇಲ್ಲಿಯೇ ಹೇಳುವುದು ಉಚಿತ. ಬ್ಯಾಟರಿ ಕುಗ್ಗಿದಾಗ ಸಂಪರ್ಕವು ನೆಚ್ಚುವಂತಿರುವುದಿಲ್ಲ. ವಿಂಡೋಸ್ ವ್ಯವಸ್ಥೆಯು ವಿದ್ಯುತ್ ಉಳಿಸುವ ಸಲುವಾಗಿ ಬ್ಲೂಟೂತ್ ಯಂತ್ರಾಂಶವನ್ನು ಮಲಗಿಸುವುದೂ ಉಂಟು. ಡಿವೈಸ್ ಮ್ಯಾನೇಜರಿನಲ್ಲಿ ಆ ಅನುಮತಿಯನ್ನು ತೆಗೆದುಹಾಕಬಹುದು. ಎಕ್ಸ್‌ಬಾಕ್ಸ್ ನಿಯಂತ್ರಕವು ೧೫ ನಿಮಿಷ ಮುಟ್ಟದಿದ್ದರೆ ತಾನಾಗಿ ಆರುವುದಾದರೋ ದೋಷವಲ್ಲ, ಏರ್ಪಾಡು.

೩. ಭಾಷೆಯ ದೋಷ

ಸಂದೇಶವು ನಿರ್ವಿಘ್ನವಾಗಿ ಮುಟ್ಟಿದರೂ ಅರ್ಥವಾಗದೆ ಹೋಗಬಹುದು. ವಿಂಡೋಸ್ ಆಟಗಳು ನಿಯಂತ್ರಕದೊಡನೆ ಮಾತನಾಡಲು ಮುಖ್ಯವಾಗಿ ಎರಡು ರೀತಿಗಳಿವೆ. ಹಳೆಯದಾದ ಡೈರೆಕ್ಟ್‌ಇನ್‌ಪುಟ್ ಗುಂಡಿಗಳನ್ನು ಸಂಖ್ಯೆಗಳಿಂದ ಗುರುತಿಸುತ್ತದೆ. ಮೂರನೆಯ ಗುಂಡಿಯೆಂದರೆ ಯಾವುದೆಂಬುದು ತಯಾರಕರ ಇಚ್ಛೆಗೆ ಸೇರಿದ್ದು. ಎಕ್ಸ್‌ಬಾಕ್ಸ್ ೩೬೦ರ ಕಾಲದಲ್ಲಿ, ೨೦೦೫ರಲ್ಲಿ, ಬಂದ ಎಕ್ಸ್‌ಇನ್‌ಪುಟ್ ಗುಂಡಿಗಳ ಸ್ಥಾನವನ್ನು ನಿಶ್ಚಿತಗೊಳಿಸಿತು. ಏಕಕಾಲಕ್ಕೆ ನಾಲ್ಕು ನಿಯಂತ್ರಕಗಳಿಗಿಂತ ಹೆಚ್ಚನ್ನು ಅದು ಒಪ್ಪುವುದಿಲ್ಲ. ಎಕ್ಸ್‌ಇನ್‌ಪುಟ್ ಮಾತ್ರ ಬಲ್ಲ ಆಟಕ್ಕೆ ಸೋನಿಯ ಡ್ಯುಯಲ್‌ಶಾಕ್ ೪ ನಿಯಂತ್ರಕವನ್ನು ಬ್ಲೂಟೂತ್ ಮೂಲಕ ಕೂಡಿಸಿದರೆ, ಸಂಪರ್ಕವಿದೆಯೆಂದು ವಿಂಡೋಸ್ ಹೇಳುತ್ತದೆ, ಆಟವು ಕಿವುಡಾಗಿರುತ್ತದೆ. ಸ್ಟೀಮ್ ಮೊದಲಾದ ತಂತ್ರಾಂಶಗಳು ಇಲ್ಲಿ ದುಭಾಷಿಗಳಾಗಿ ನೆರವಾಗುತ್ತವೆ. ಆದರೆ ಆಟವೂ ದುಭಾಷಿಯೂ ಒಂದೇ ಗುಂಡಿಯನ್ನು ಬೇರೆ ಬೇರೆಯಾಗಿ ಓದಿದಾಗ, ಒಂದು ಒತ್ತಿಗೆ ಎರಡು ಪರಿಣಾಮಗಳಾಗುವುದೂ ಉಂಟು. ಲಿನಕ್ಸಿನ ತಿರುಳಿನಲ್ಲಿ ಪ್ಲೇಸ್ಟೇಷನ್ ನಿಯಂತ್ರಕಗಳಿಗಾಗಿ ಸೋನಿಯವರೇ ಒದಗಿಸಿದ ಡ್ರೈವರು ೨೦೨೧ರ ೫.೧೨ ಆವೃತ್ತಿಯಲ್ಲಿ ಸೇರಿತು.

೪. ಪರೀಕ್ಷೆಯ ಕ್ರಮ

ಮೇಲಿನ ವಿವೇಚನೆಯಿಂದ ಪರೀಕ್ಷೆಯ ಕ್ರಮವು ತಾನಾಗಿ ದೊರೆಯುತ್ತದೆ. ಮೊದಲು ನಿಯಂತ್ರಕವನ್ನು ತಂತಿಯಿಂದ ಕೂಡಿಸಬೇಕು. ಆ ತಂತಿಯು ಬರಿಯ ವಿದ್ಯುತ್ತನ್ನಲ್ಲದೆ ದತ್ತಾಂಶವನ್ನೂ ಸಾಗಿಸುವಂಥದಾಗಿರಬೇಕು. ಚಾರ್ಜಿಗೆಂದೇ ಮಾಡಿದ ತಂತಿಗಳಿಂದ ಮೋಸಹೋಗುವವರುಂಟು. ವಿಂಡೋಸಿನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಗುಂಡಿಗಳು ಸ್ಪಂದಿಸಿದರೆ, ಸಾಧನದ ಗುಂಡಿ ಸನ್ನೆಗಳು ಸರಿಯಾಗಿವೆ. ಅಲ್ಲಿ ಸ್ಪಂದಿಸಿಯೂ ಆಟದಲ್ಲಿ ಸ್ಪಂದಿಸದಿದ್ದರೆ ದೋಷವು ಭಾಷೆಯದು. ತಂತಿಯಲ್ಲಿ ಎಲ್ಲವೂ ಸರಿಯಿದ್ದು ನಿಸ್ತಂತುವಾಗಿ ಸೇರದಿದ್ದರೆ, ಹಳೆಯ ಹೆಸರನ್ನು ಅಳಿಸಿ ಮರುಪರಿಚಯ ಮಾಡಿಸಬೇಕು. ಬ್ಲೂಟೂತ್ ನಿಯಂತ್ರಕವಾದರೆ ಮೊಬೈಲ್ ಫೋನಿಗೂ ಕೂಡಿಸಿ ನೋಡಬಹುದು. ಅಲ್ಲಿ ಸೇರಿದರೆ ಅದರ ರೇಡಿಯೋ ಭಾಗವೂ ನಿರ್ದೋಷಿ. ಸೇರಿ ಕಡಿಯುತ್ತಿದ್ದರೆ ದೋಷವು ಹಾದಿಯದು: ಗ್ರಾಹಕದಿಂದ ಅರ್ಧ ಮೀಟರು ದೂರದಲ್ಲಿ ಹಿಡಿದು ನೋಡುವುದು, ಪಕ್ಕದ ಡಿಸ್ಕನ್ನು ತೆಗೆಯುವುದು, ವಿಸ್ತರಣ ತಂತಿ ಹಾಕುವುದು, ಗಣಕಯಂತ್ರದ ವೈ-ಫೈಯನ್ನು ೫ ಗಿಗಾಹರ್ಟ್ಸ್ ಪಟ್ಟಿಗೆ ಸಾಗಿಸುವುದು, ಇವನ್ನು ಒಂದಾದ ಮೇಲೊಂದರಂತೆ ಮಾಡಬೇಕು. ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿದರೆ ತೊಂದರೆ ಕಳೆದರೂ ಕಾರಣ ತಿಳಿಯದು. ಕಾರಣ ತಿಳಿಯದ ತೊಂದರೆ ಮರಳಿ ಬಂದಾಗ ನಾವು ಮೊದಲಿನಷ್ಟೇ ಅಸಹಾಯರು.

ಇಷ್ಟೆಲ್ಲ ಪರೀಕ್ಷೆಗಳಲ್ಲಿಯೂ ಸೋತ ನಿಯಂತ್ರಕವು ನಿಜವಾಗಿಯೂ ಕೆಟ್ಟಿರಬಹುದು, ಅಂಥವೂ ಉಂಟು. ಆದರೆ ಆ ತೀರ್ಪು ಕೊನೆಯಲ್ಲಿ ಬರಬೇಕಾದುದು, ಮೊದಲಲ್ಲಲ್ಲ. ಸಂಪರ್ಕವೆಂಬುದು ಒಂದು ವಸ್ತುವಿನ ಗುಣವಲ್ಲ, ಎರಡು ವಸ್ತುಗಳಿಗೂ ಅವುಗಳ ನಡುವಿನ ಬಯಲಿಗೂ ಸೇರಿದ ಸಂಬಂಧ. ಅದು ಮುರಿದಾಗ ಕೈಯಲ್ಲಿರುವುದನ್ನೇ ದೂಷಿಸುವುದು ಸುಲಭ. ನಡುವೆ ಇರುವುದನ್ನು ಪರಿಶೀಲಿಸುವುದು ಪ್ರಯೋಜನಕರ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಈ ಪಾಠವನ್ನು ಮನೆಯ ಮೇಜಿನ ಮೇಲೂ ಪ್ರಯೋಗಿಸಿ ನೋಡಬೇಕೆಂದು ವಾಚಕರನ್ನು ಕೋರುತ್ತೇವೆ.