ಎಂಜಿನ್ನಿನ ಉಸಿರು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೋಟಾರ್ ಸೈಕಲುಗಳು ತಯಾರಾಗುತ್ತಿದ್ದವು. ಮೊದಲು ಜೆಕೊಸ್ಲೊವಾಕಿಯಾದ ಸಂಸ್ಥೆಯ ಜಾವಾ ಎಂಬ ಹೆಸರಿನಿಂದಲೂ 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರಿನಿಂದಲೂ ಅವು ಪ್ರಸಿದ್ಧವಾದವು. ಕಾರ್ಖಾನೆ ಮುಚ್ಚಿದ ಮೇಲೂ ಅವನ್ನು ಅಕ್ಕರೆಯಿಂದ ಉಳಿಸಿಕೊಂಡು ಬಂದವರು ಹಲವರಿದ್ದಾರೆ. ಅಂಥ ವಾಹನದ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ಸವೆದುದನ್ನು ಬದಲಿಸಿ, ಮತ್ತೆ ಕಟ್ಟುವಾಗ ಎಲ್ಲರ ಗಮನವೂ ಸಹಜವಾಗಿ ಪಿಸ್ಟನ್, ಸಿಲಿಂಡರುಗಳಂಥ ದೊಡ್ಡ ಭಾಗಗಳ ಮೇಲೆಯೇ ಹರಿಯುತ್ತದೆ. ಆದರೆ ಹಾಗೆ ಕಟ್ಟಿದ ಎಂಜಿನ್ನು ಬಾಳುವುದೋ ಕೆಡುವುದೋ ಎಂಬುದು ಅನೇಕ ವೇಳೆ ಅಂಗೈಯಲ್ಲಿ ಅಡಗಿಸಬಹುದಾದ ಒಂದು ರಬ್ಬರ್ ಬಳೆಯನ್ನು ಅವಲಂಬಿಸಿರುತ್ತದೆ.

ಇದರ ಕಾರಣ ತಿಳಿಯಬೇಕಾದರೆ ಈ ಎಂಜಿನ್ನು ಉಸಿರಾಡುವ ಬಗೆಯನ್ನು ನೋಡಬೇಕು. 65 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ಪಿಸ್ಟನ್ 75 ಮಿಲಿಮೀಟರ್ ದೂರ ಏರಿ ಇಳಿಯುವ ಇದು ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್, ಎಂಜಿನ್ನು. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ತಗ್ಗುತ್ತದೆ. ಆಗ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲು, ಎಣ್ಣೆಗಳ ಮಿಶ್ರಣ ಒಳನುಗ್ಗುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ಕಿಂಡಿಗಳ ಮೂಲಕ ಸಿಲಿಂಡರಿಗೆ ಏರುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಸೆಳೆತ ದೂಡಿಕೆಗಳು ಸೆಕೆಂಡಿಗೆ 50 ಬಾರಿ ನಡೆಯುತ್ತವೆ. ಕ್ರ್ಯಾಂಕ್ ದಂಡದ ತುದಿಗಳು ಪೆಟ್ಟಿಗೆಯಿಂದ ಎಡಬಲಕ್ಕೆ ಹೊರಬರುವ ಕಡೆ ಗಾಳಿ ನುಸುಳದಂತೆ ಕಾಯುವುದೇ ಆ ರಬ್ಬರ್ ಬಳೆ. ಅದಕ್ಕೆ ಆಯಿಲ್ ಸೀಲ್ ಎಂದು ಹೆಸರು. ಇಲ್ಲಿ ಮಾತ್ರ ಅದು ಎಣ್ಣೆಯಷ್ಟೇ ಗಾಳಿಯನ್ನೂ ತಡೆಯಬೇಕು.

ಎಡಬದಿಯಲ್ಲಿ ಚೈನು, ಕ್ಲಚ್ಚುಗಳು ಎಣ್ಣೆಯ ನಡುವೆ ಕೆಲಸ ಮಾಡುತ್ತವೆ. ಆ ಬದಿಯ ಸೀಲು ಹೋದರೆ ಗೇರ್ ಪೆಟ್ಟಿಗೆಯ ಎಣ್ಣೆ ಒಳಸೇರಿ ಉರಿದು ದಟ್ಟವಾದ ಹೊಗೆ ಏಳುತ್ತದೆ. ಇದು ಕಣ್ಣಿಗೆ ಕಾಣುವ ರೋಗ. ಡೈನಮೊ ಇರುವ ಬಲಬದಿಯಾದರೋ ಎಣ್ಣೆಯಿಲ್ಲದ ಒಣ ಜಾಗ. ಅಲ್ಲಿಯ ಸೀಲು ಸೋತರೆ ಒಳಸೇರುವುದು ಬರಿಯ ಗಾಳಿ; ಹೊಗೆಯಿಲ್ಲ. ಕೈ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದೆ ಕೂಗುತ್ತಿದ್ದರೆ ಜನರು ಕಾರ್ಬುರೇಟರನ್ನೇ ದೂರುತ್ತಾರೆ. ಇತ್ತ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಶಾಖ ಮಿತಿಮೀರುತ್ತದೆ. ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಸಾಲದಾಗುತ್ತದೆ. ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಓಟದ ನಡುವೆ ಹೀಗಾದರೆ ಹಿಂದಿನ ಚಕ್ರ ಒಮ್ಮೆಗೇ ನಿಂತುಬಿಡುತ್ತದೆ. ತತ್‌ಕ್ಷಣ ಕ್ಲಚ್ ಹಿಡಿದ ಸವಾರ ಪಾರಾದಾನು. ಹಿಡಿಯದವನ ಗತಿಯನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಎಂಜಿನ್ನನ್ನು ಬಿಚ್ಚಿದ ಮೇಲೆ ಹಳೆಯ ಸೀಲನ್ನು ಮತ್ತೆ ಕೂರಿಸುವುದು ಉಳಿತಾಯವಲ್ಲ. ಹಳೆಯ ದಾಸ್ತಾನಿನಲ್ಲಿ ದೊರೆತ, ಒಮ್ಮೆಯೂ ಬಳಸದ ಸೀಲನ್ನೂ ನಂಬಲಾಗದು. ರಬ್ಬರು ಪೊಟ್ಟಣದಲ್ಲಿ ಕುಳಿತಲ್ಲೇ ಗಡುಸಾಗುತ್ತದೆ. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದನ್ನು ತಾಳಬಲ್ಲ ರಬ್ಬರಿನ ಸೀಲನ್ನೇ ಕೇಳಿ ತರಬೇಕು. ಹೊಸದನ್ನು ಕೂರಿಸುವ ಮುನ್ನ ದಂಡದ ಮೇಲೆ ಉಗುರನ್ನು ಆಡಿಸಿ ನೋಡಬೇಕು. ಹಳೆಯ ಸೀಲು ವರ್ಷಗಟ್ಟಲೆ ಉಜ್ಜಿ ಅಲ್ಲಿ ಗೀರು ಬಿದ್ದಿದ್ದು ಉಗುರಿಗೆ ತಗುಲಿದರೆ, ಎಷ್ಟೇ ಒಳ್ಳೆಯ ಸೀಲೂ ಅಲ್ಲಿ ನಿಲ್ಲದು. ಮೊದಲು ದಂಡವನ್ನು ಸರಿಪಡಿಸಬೇಕು. ಸೀಲಿನ ತುಟಿಗೆ ಎಣ್ಣೆ ಸವರಿ, ಸಣ್ಣ ಸ್ಪ್ರಿಂಗ್ ಇರುವ ಮಗ್ಗುಲು ತಡೆಯಬೇಕಾದ ಒತ್ತಡದ ಕಡೆಗೆ ಬರುವಂತೆ ಸುತ್ತಲೂ ಸಮನಾಗಿ ಒತ್ತಿ ಕೂರಿಸಬೇಕು. ಒಂದೇ ಅಂಚಿಗೆ ಸುತ್ತಿಗೆಯಿಂದ ಬಡಿದರೆ ತುಟಿ ಹರಿಯುತ್ತದೆ.

ಪಿಸ್ಟನ್ ಪಿನ್ನನ್ನು ಹಿಡಿದಿಡುವ ತಂತಿಯ ಲಾಕನ್ನು ಎರಡನೆಯ ಸಲ ಬಳಸಲೇಬಾರದು. ಒಮ್ಮೆ ಬಗ್ಗಿಸಿ ತೆಗೆದ ಲಾಕು ಸಡಿಲಗೊಂಡು ಹೊರಬಂದರೆ ಸಿಲಿಂಡರನ್ನು ಉದ್ದಕ್ಕೂ ಗೀಚಿಹಾಕುತ್ತದೆ. ತಾಮ್ರದ ವಾಷರಿಗೆ ಮಾತ್ರ ಮರುಜನ್ಮವುಂಟು: ಬಿಗಿತಕ್ಕೆ ಸಿಕ್ಕಿ ಗಡುಸಾದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಮತ್ತೆ ಮೃದುವಾಗುತ್ತದೆ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುವುದನ್ನು ಕಮ್ಮಾರನ ಕುಲುಮೆಯಲ್ಲಿ ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಇನ್ನು ಸಿಲಿಂಡರಿನ ಬುಡದ ಗ್ಯಾಸ್ಕೆಟ್. ನಮ್ಮವರು ಪ್ಯಾಕಿಂಗ್ ಎನ್ನುವ ಇದನ್ನು ಸಿಕ್ಕಿದ ದಪ್ಪ ಕಾಗದದಿಂದ ಕತ್ತರಿಸುವುದುಂಟು. ದಪ್ಪ ಹೆಚ್ಚಾದಷ್ಟೂ ಸಿಲಿಂಡರು ಮೇಲೇರಿ, ಕಿಂಡಿಗಳು ತೆರೆದು ಮುಚ್ಚುವ ವೇಳೆಯೇ ಬದಲಾಗುತ್ತದೆ. ಪೆಟ್ಟಿಗೆಯ ಎರಡು ಹೋಳುಗಳನ್ನು ಜೋಡಿಸುವಾಗಲೂ ಅಂಟು ತೆಳ್ಳಗಿರಬೇಕು. ಅತಿಯಾಗಿ ಮೆತ್ತಿದ ಅಂಟು ಒಳಕ್ಕೆ ಉಕ್ಕಿ, ಬೇರಿಂಗಿಗೆ ಎಣ್ಣೆ ಹೋಗುವ ರಂಧ್ರವನ್ನು ಮುಚ್ಚಿದರೆ, ಸೋರಿಕೆಗೆ ಮಾಡಿದ ಮದ್ದೇ ಎಂಜಿನ್ನಿಗೆ ವಿಷವಾಗುತ್ತದೆ.

ಎಲ್ಲವನ್ನೂ ಕಟ್ಟಿದ ಮೇಲೆ ಒಂದು ಪರೀಕ್ಷೆ ಉಳಿದಿರುತ್ತದೆ. ಗಾಳಿ ಸೇರುವ ಮತ್ತು ಹೊಗೆ ಹೊರಡುವ ಬಾಯಿಗಳನ್ನು ಮುಚ್ಚಿ, ಚದರ ಅಂಗುಲಕ್ಕೆ 5–6 ಪೌಂಡಿನಷ್ಟು ಒತ್ತಡದ ಗಾಳಿಯನ್ನು ಒಳಗೆ ತುಂಬಬೇಕು. ಅನಂತರ ಕೀಲುಗಳಿಗೂ ದಂಡದ ಎರಡು ತುದಿಗಳಿಗೂ ಸಾಬೂನಿನ ನೀರು ಸವರಿ ಕೆಲವು ನಿಮಿಷ ಕಾಯಬೇಕು. ದಂಡದ ಸುತ್ತ ಗುಳ್ಳೆಗಳು ಎದ್ದರೆ, ಎಷ್ಟೇ ಬೇಸರವಾದರೂ ಮತ್ತೆ ಬಿಚ್ಚಬೇಕು. ಏಳದಿದ್ದರೆ ಎಂಜಿನ್ನನ್ನು ಚೌಕಟ್ಟಿಗೆ ಏರಿಸಿ, ಗೇರಿನ ಸನ್ನೆಯನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯಬಹುದು.