ಟ್ಯಾಬ್ಲೆಟ್ಟೋ ಲ್ಯಾಪ್‌ಟಾಪೋ? : ವಿದ್ಯಾಸಾಧನದ ಆಯ್ಕೆಯಲ್ಲಿ ಔಚಿತ್ಯ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಶ್ರವಣಬೆಳಗೊಳದ ಚಂದ್ರಗಿರಿಯ ಬಡಗಣ ದಿಕ್ಕಿನಲ್ಲಿರುವ ಜಿನನಾಥಪುರವು ಚಿಕ್ಕ ಗ್ರಾಮವಾದರೂ ನಾಡಿನ ಚರಿತ್ರೆಯಲ್ಲಿ ಹೆಸರು ಪಡೆದ ಊರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಇದನ್ನು ನೆಲೆಗೊಳಿಸಿದನು. ಕ್ರಿ.ಶ. 1200ರ ಸುಮಾರಿನಲ್ಲಿ ರೇಚಿಮಯ್ಯ ದಂಡನಾಯಕನು ಇಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದನು. ಆ ಬಸದಿಯ ಹೊರಗೋಡೆಯ ವಿಗ್ರಹಪಂಕ್ತಿಗೆ ಮನಸೋಲದವರು ವಿರಳ. ಹೊಯ್ಸಳ ಶಿಲ್ಪಿಗಳು ಮೆಚ್ಚಿ ಬಳಸಿದ ಶಿಲೆಯನ್ನು ಕನ್ನಡಿಗರು ಬಳಪದ ಕಲ್ಲು ಎಂದು ಕರೆಯುತ್ತಾರೆ. ಬಾಲಕರು ಹಿಂದೆ ಅಕ್ಷರ ತಿದ್ದುತ್ತಿದ್ದ ಬಳಪವೂ ಅದೇ ಜಾತಿಯ ಕಲ್ಲಿನದು. ಒಂದೇ ಕಲ್ಲು ಶಿಲ್ಪಿಯ ಉಳಿಗೆ ಸಿಕ್ಕಿದರೆ ವಿಗ್ರಹವಾಗುತ್ತದೆ. ಬಾಲಕನ ಬೆರಳಿಗೆ ಸಿಕ್ಕಿದರೆ ಅಕ್ಷರವಾಗುತ್ತದೆ. ಸಾಧನದ ಬೆಲೆಯನ್ನು ಅದರಿಂದ ಆಗುವ ಕಾರ್ಯವೇ ನಿಶ್ಚಯಿಸುತ್ತದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಈ ವಿವೇಕವು ನಮ್ಮ ಪೂರ್ವಿಕರಲ್ಲಿ ಸಂಪೂರ್ಣವಾಗಿ ಇದ್ದಿತು. ಶ್ರವಣಬೆಳಗೊಳದ ಆಸುಪಾಸಿನಲ್ಲಿ ದೊರೆತ ಶಾಸನಗಳೇ ಐನೂರಕ್ಕೂ ಮಿಕ್ಕಿವೆ. ದಾನದತ್ತಿಗಳು ಆಚಂದ್ರಾರ್ಕವಾಗಿ ನಿಲ್ಲಬೇಕಾದುದರಿಂದ ಅವನ್ನು ಕಲ್ಲಿನಲ್ಲಿ ಕಂಡರಿಸಿದರು. ಓದಿ ಪಾಠ ಹೇಳಬೇಕಾದ ಗ್ರಂಥಗಳನ್ನು ಓಲೆಗರಿಯ ಮೇಲೆ ಕಂಠದಿಂದ ಕೊರೆದರು. ನಿತ್ಯದ ಲೆಕ್ಕಪತ್ರಗಳಿಗೆ ಕಡತವನ್ನು ಸಿದ್ಧಪಡಿಸಿದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯಬಹುದು, ತಪ್ಪಾದರೆ ಅಳಿಸಬಹುದು, ಮತ್ತೆ ಬರೆಯಬಹುದು. ಕಲ್ಲು ಮೇಲೋ, ಓಲೆ ಮೇಲೋ, ಕಡತ ಮೇಲೋ ಎಂಬ ವಾದಕ್ಕೆ ಅವರು ಇಳಿಯಲಿಲ್ಲ. ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಮೊದಲು ಕೇಳಿ ಆಮೇಲೆ ಸಾಧನವನ್ನು ಆರಿಸಿದರು. ಅಲಂಕಾರಶಾಸ್ತ್ರದಲ್ಲಿ ಔಚಿತ್ಯವೆಂದು ಹೇಳುವ ಗುಣವು ಕಾವ್ಯಕ್ಕೆ ಎಷ್ಟು ಅಗತ್ಯವೋ ಪಾಠಶಾಲೆಗೂ ಅಷ್ಟೇ ಅಗತ್ಯ.

ಇಂದು ಜಿನನಾಥಪುರದಂತಹ ಗ್ರಾಮದ ಪೋಷಕರ ಮುಂದೆಯೂ, ಶಾಲೆಗೆ ನೆರವಾಗಬಯಸುವ ದಾನಿಗಳ ಮುಂದೆಯೂ ನಿಂತಿರುವ ಪ್ರಶ್ನೆ ಹೊಸದು. ವಿದ್ಯಾರ್ಥಿಯ ವ್ಯಾಸಂಗಕ್ಕೆ ಟ್ಯಾಬ್ಲೆಟ್ ಒಳ್ಳೆಯದೋ ಲ್ಯಾಪ್‌ಟಾಪ್ ಒಳ್ಳೆಯದೋ? 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ಮನೆಮನೆಯನ್ನೂ ಹೊಕ್ಕಿತು. ಕರ್ನಾಟಕ ಸರ್ಕಾರವು ಎರಡು ದಾರಿಗಳನ್ನೂ ತುಳಿದು ನೋಡಿದೆ. 2019–20ನೆಯ ಸಾಲಿನಲ್ಲಿ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಲಕ್ಷಕ್ಕೂ ಮೇಲ್ಪಟ್ಟು ಲ್ಯಾಪ್‌ಟಾಪುಗಳನ್ನು ಹಂಚಲಾಯಿತು. 2021ರ ಜೂನ್ ತಿಂಗಳಿನಿಂದ ಪದವಿ, ಪಾಲಿಟೆಕ್ನಿಕ್ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಕೊಡಲಾಯಿತು. ಅಗ್ಗದ ಯಂತ್ರವನ್ನು ಆರಿಸಿದರೆ ಹೆಚ್ಚು ಕೈಗಳನ್ನು ಮುಟ್ಟಬಹುದೆಂಬುದು ಸ್ಪಷ್ಟ. ಆದರೆ ಮುಟ್ಟಿದ ಕೈಯಿಂದ ಯಾವ ಕೆಲಸ ನಡೆಯಬೇಕೆಂಬುದನ್ನೂ ವಿಚಾರಿಸಬೇಕು.

ಟ್ಯಾಬ್ಲೆಟ್ ಎಂಬ ಆಂಗ್ಲ ಶಬ್ದದ ಮೂಲಾರ್ಥವೇ ಬರೆಯುವ ಹಲಗೆ ಎಂದು. ಗಾಜಿನ ಮುಖವುಳ್ಳ ಈ ಹಲಗೆ ಹಗುರ. ಬೆರಳು ತಾಗಿಸಿದರೆ ಕೆಲಸ ಮಾಡುತ್ತದೆ. ಒಮ್ಮೆ ವಿದ್ಯುತ್ತನ್ನು ತುಂಬಿದರೆ ಸಾಮಾನ್ಯವಾಗಿ ಎಂಟು ಹತ್ತು ಗಂಟೆಗಳ ಕಾಲ ನಡೆಯುತ್ತದೆ. ಸರ್ಕಾರದ ಪಠ್ಯಪುಸ್ತಕಗಳು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪಠ್ಯಪುಸ್ತಕದಲ್ಲಿ ಮುದ್ರಿತವಾದ ಚೌಕ ಸಂಕೇತಕ್ಕೆ ಕ್ಯಾಮೆರಾವನ್ನು ಹಿಡಿದರೆ, 2017ರಲ್ಲಿ ಆರಂಭವಾದ ದೀಕ್ಷಾ ಎಂಬ ವೇದಿಕೆಯಲ್ಲಿ ಆ ಪಾಠಕ್ಕೆ ಸಂಬಂಧಿಸಿದ ದೃಶ್ಯಪಾಠ ತೆರೆದುಕೊಳ್ಳುತ್ತದೆ. ಹೃದಯದ ಕವಾಟಗಳು ಹೇಗೆ ತೆರೆದು ಮುಚ್ಚುತ್ತವೆ, ಗ್ರಹಣ ಹೇಗೆ ಸಂಭವಿಸುತ್ತದೆ ಎಂಬುದನ್ನು ಚಲಿಸುವ ಚಿತ್ರದಲ್ಲಿ ಕಂಡ ಬಾಲಕನು ಅದನ್ನು ಬೇಗ ಗ್ರಹಿಸುತ್ತಾನೆ. ತಕ್ಕ ಲೇಖನಿಯಿದ್ದರೆ ರೇಖಾಗಣಿತದ ಆಕೃತಿಗಳನ್ನು ಗಾಜಿನ ಮೇಲೆಯೇ ಎಳೆಯಬಹುದು. ನೋಡುವುದು, ಕೇಳುವುದು, ಓದುವುದು, ಗುರುತು ಹಾಕುವುದು ಇವಿಷ್ಟರಲ್ಲಿ ಟ್ಯಾಬ್ಲೆಟ್ ಯಾವ ರೀತಿಯಿಂದಲೂ ಕೊರತೆಯುಳ್ಳದ್ದಲ್ಲ.

ಆದರೆ ವಿದ್ಯೆಯು ಗ್ರಹಣಮಾತ್ರದಿಂದ ಪೂರ್ಣವಾಗುವುದಿಲ್ಲ. ಗ್ರಹಿಸಿದ್ದನ್ನು ಮನಸ್ಸಿನಲ್ಲಿ ಕೂಡಿಸಿ, ಕಳೆದು, ಕ್ರಮಪಡಿಸಿ, ಸ್ವಂತ ಮಾತಿನಲ್ಲಿ ಹೊರಗಿಟ್ಟಾಗಲೇ ಅದು ವಿದ್ಯಾರ್ಥಿಯ ಸ್ವತ್ತಾಗುತ್ತದೆ. ಪ್ರಬಂಧವನ್ನು ಬರೆದು ಎರಡನೆಯ ಪ್ಯಾರಾವನ್ನು ಮೊದಲಿಗೆ ತರುವುದು, ಊರಿನ ಮಳೆಯ ಪ್ರಮಾಣವನ್ನು ತಿಂಗಳುವಾರು ಕೋಷ್ಟಕಕ್ಕೆ ಇಳಿಸುವುದು, ಒಂದು ಕಡೆ ಆಧಾರವನ್ನು ತೆರೆದಿಟ್ಟು ಇನ್ನೊಂದು ಕಡೆ ಟಿಪ್ಪಣಿ ಮಾಡುವುದು ಮುಂತಾದ ಕೆಲಸಗಳಲ್ಲಿ ಗಾಜಿನ ಹಲಗೆ ತಡವರಿಸುತ್ತದೆ. ಅಕ್ಷರಗಳ ಕೀಲಿಮಣೆ ಗಾಜಿನ ಮೇಲೆಯೇ ಮೂಡಬೇಕಾದುದರಿಂದ ಬರೆಯುವಾಗ ಮುಖದ ಅರ್ಧಭಾಗ ಅದಕ್ಕೇ ಸಂದುಹೋಗುತ್ತದೆ. ಬರೆದ ನಾಲ್ಕು ಸಾಲು ಕಣ್ಣಿಗೆ ಬಿದ್ದರೆ ಅದೇ ಹೆಚ್ಚು. ತಾನು ಬರೆದುದನ್ನು ಒಟ್ಟಾಗಿ ಕಾಣಲಾರದ ವಿದ್ಯಾರ್ಥಿ ಅದನ್ನು ತಿದ್ದುವುದಕ್ಕೂ ಮನಸ್ಸು ಮಾಡುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಕೀಲಿಮಣೆ ಪ್ರತ್ಯೇಕವಾಗಿದ್ದು ತೆರೆಯೆಲ್ಲವೂ ಬರೆಹಕ್ಕೆ ಉಳಿಯುತ್ತದೆ. ಪೂರ್ವಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಟ್ಯಾಬ್ಲೆಟ್ ಓಲೆಗೆ ಸಮೀಪ, ಲ್ಯಾಪ್‌ಟಾಪ್ ಕಡತಕ್ಕೆ ಸಮೀಪ. ಗಣಕದಲ್ಲಿ ಕೂಡಿಟ್ಟ ಬರೆಹಕ್ಕೆ ಕನ್ನಡಿಗರು ಇಂದಿಗೂ ಕಡತವೆಂಬ ಹಳೆಯ ಹೆಸರನ್ನೇ ಬಳಸುತ್ತಿರುವುದು ಔಚಿತ್ಯಪೂರ್ಣವಾಗಿದೆ.

ಕನ್ನಡದ ದೃಷ್ಟಿಯಿಂದ ಈ ಭೇದಕ್ಕೆ ಇನ್ನೂ ಒಂದು ಮಹತ್ವವುಂಟು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಅಕ್ಷರಗಳ ಚಿತ್ರಗಳನ್ನು ಬಿಟ್ಟು ವರ್ಣಗಳನ್ನು ಆಧರಿಸಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ನಾಡಿನಲ್ಲೆಲ್ಲ ಬಳಕೆಗೆ ಬಂದಿತು. ಅದರಲ್ಲಿ ಕಕಾರ, ಅನಂತರ ಅರ್ಧಾಕ್ಷರದ ಕೀಲಿ, ಅನಂತರ ಷಕಾರ ಎಂದು ಕ್ರಮವಾಗಿ ಒತ್ತಿದರೆ ‘ಕ್ಷ’ ಎಂಬ ಸಂಯುಕ್ತಾಕ್ಷರ ಸಿದ್ಧವಾಗುತ್ತದೆ. ಅಂದರೆ ಬೆರಳಚ್ಚು ಮಾಡುವ ಬಾಲಕನು ತನಗರಿವಿಲ್ಲದೆಯೇ ವ್ಯಾಕರಣದ ಮೊದಲನೆಯ ಪಾಠವಾದ ವರ್ಣವಿಭಾಗವನ್ನು ಅಭ್ಯಾಸ ಮಾಡುತ್ತಿರುತ್ತಾನೆ. ಒತ್ತಕ್ಷರದಲ್ಲಿ ಯಾವ ವರ್ಣ ಮೊದಲು, ಯಾವುದು ಅನಂತರ ಎಂಬುದನ್ನು ತಿಳಿಯದೆ ಅಲ್ಲಿ ಒಂದು ಪದವನ್ನೂ ಮೂಡಿಸಲಾಗದು. ಟ್ಯಾಬ್ಲೆಟ್ಟಿನಲ್ಲಿ ಕನ್ನಡ ಬರೆಯಲು ಬರುವುದಿಲ್ಲವೆಂದಲ್ಲ. ಆದರೆ ಅಲ್ಲಿ ಎರಡಕ್ಷರ ಒತ್ತುವಷ್ಟರಲ್ಲಿ ಯಂತ್ರವೇ ಪದವನ್ನು ಮುಂದಿಡುತ್ತದೆ. ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಡುತ್ತದೆ. ವ್ಯವಹಾರಕ್ಕೆ ಈ ಸೌಕರ್ಯ ಒಳ್ಳೆಯದೇ. ಕಾಗುಣಿತವನ್ನು ಕಲಿಯುತ್ತಿರುವ ವಯಸ್ಸಿನಲ್ಲಿ ಮಾತ್ರ ಇದು ಊರುಗೋಲಿನಂತೆ. ಅದನ್ನು ನೆಚ್ಚಿದ ಕಾಲಿಗೆ ಬಲ ಬರುವುದಿಲ್ಲ.

ಈ ಅಭಿಪ್ರಾಯಕ್ಕೆ ಹೊರದೇಶದ ಅನುಭವವೂ ಬೆಂಬಲವಾಗಿದೆ. ಅಮೆರಿಕದ ಮೇನ್ ಸಂಸ್ಥಾನವು 2002ರಲ್ಲಿಯೇ ಏಳನೆಯ ತರಗತಿಯ ವಿದ್ಯಾರ್ಥಿಗಳಿಗೆಲ್ಲ ಲ್ಯಾಪ್‌ಟಾಪುಗಳನ್ನು ಕೊಡಲಾರಂಭಿಸಿತು. ಮುಂದೆ ಅಲ್ಲಿನ ಅನೇಕ ಶಾಲೆಗಳು ಐಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಆರಿಸಿಕೊಂಡವು. 2016ರಲ್ಲಿ 7ರಿಂದ 12ನೆಯ ತರಗತಿಗಳವರೆಗಿನವರ ಅಭಿಪ್ರಾಯವನ್ನು ಕೇಳಿದಾಗ ಶಿಕ್ಷಕರಲ್ಲಿ ನೂರಕ್ಕೆ 88ಕ್ಕೂ ಮೇಲ್ಪಟ್ಟವರು, ವಿದ್ಯಾರ್ಥಿಗಳಲ್ಲಿ ನೂರಕ್ಕೆ 74 ಮಂದಿ ಲ್ಯಾಪ್‌ಟಾಪೇ ಬೇಕೆಂದರು. ಟ್ಯಾಬ್ಲೆಟ್ ಆಟದ ಸಾಮಾನಾಗುತ್ತಿದೆ, ಅದರಲ್ಲಿ ಬರೆಯುವುದು ಕಷ್ಟವಾಗುತ್ತಿದೆ ಎಂಬುದು ಮುಖ್ಯ ದೂರು. ಆಟವನ್ನು ಬಯಸುವ ವಯಸ್ಸಿನ ಮಕ್ಕಳೇ ಬಹುಸಂಖ್ಯೆಯಲ್ಲಿ ಹೀಗೆ ಹೇಳಿದರೆಂಬುದು ಗಮನಾರ್ಹ.

ಹಾಗೆಂದು ಲ್ಯಾಪ್‌ಟಾಪನ್ನು ಕೊಂಡುಕೊಟ್ಟ ಮಾತ್ರಕ್ಕೆ ವಿದ್ಯೆ ತಾನಾಗಿ ಬರುವುದೆಂದು ಭ್ರಮಿಸಬಾರದು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ಬೃಹತ್ ಪ್ರಮಾಣದಲ್ಲಿ ನಡೆಸಿದರು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಗಳು ಬಂದ ಮೇಲೂ ಗಣಿತ ಹಾಗೂ ಭಾಷೆಯ ಪರೀಕ್ಷೆಗಳಲ್ಲಿ ಗುರುತಿಸಬಹುದಾದ ಏಳಿಗೆ ಕಾಣಲಿಲ್ಲ. ಪಾಠಕ್ರಮಕ್ಕೂ ಯಂತ್ರಕ್ಕೂ ಗಂಟು ಹಾಕಿಕೊಡುವ ಉಪಾಧ್ಯಾಯನಿಲ್ಲದಿದ್ದರೆ ಯಾವ ಸಾಧನವೂ ಕಪಾಟಿನ ಅಲಂಕಾರವಾಗುತ್ತದೆ.

ಇನ್ನು ಸ್ಥಳೀಯ ಪರಿಸ್ಥಿತಿಯನ್ನೂ ಪರಾಮರ್ಶಿಸಬೇಕು. ಗ್ರಾಮಗಳಲ್ಲಿ ವಿದ್ಯುತ್ತು ಆಗಾಗ ಕೈಕೊಡುವುದುಂಟು. ಟ್ಯಾಬ್ಲೆಟ್ಟನ್ನು ತುಂಬಲು 10ರಿಂದ 20 ವ್ಯಾಟ್ ಸಾಕು. ಲ್ಯಾಪ್‌ಟಾಪಿಗೆ 45ರಿಂದ 65 ವ್ಯಾಟ್ ಬೇಕಾಗುತ್ತದೆ. ಈ ಅಂಶದಲ್ಲಿ ಟ್ಯಾಬ್ಲೆಟ್ಟಿಗೆ ಮೇಲುಗೈ. ದುರಸ್ತಿಯ ಅಂಶದಲ್ಲಿ ಲ್ಯಾಪ್‌ಟಾಪಿಗೆ ಮೇಲುಗೈ. ಅದರ ಬ್ಯಾಟರಿ, ಕೀಲಿಮಣೆ, ಸಂಗ್ರಹದ ಭಾಗಗಳನ್ನು ಬಹುಮಟ್ಟಿಗೆ ಬಿಡಿಬಿಡಿಯಾಗಿ ಬದಲಾಯಿಸಬಹುದು. ಟ್ಯಾಬ್ಲೆಟ್ಟಿನ ಗಾಜು ಒಡೆದರೆ ರಿಪೇರಿಯ ವೆಚ್ಚ ಅನೇಕ ವೇಳೆ ಹೊಸದರ ಬೆಲೆಗೆ ಹತ್ತಿರವಾಗುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದರೆ ತರಗತಿಯ ಮಟ್ಟವನ್ನು ಅನುಸರಿಸಿ ಆಯ್ಕೆ ಮಾಡುವುದೇ ಯುಕ್ತವೆಂದು ಕಾಣುತ್ತದೆ. ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಸ್ವಂತ ಯಂತ್ರ ಯಾವುದೂ ಬೇಡ. ಪುಸ್ತಕ, ಸ್ಲೇಟು, ಬಳಪ, ಉಪಾಧ್ಯಾಯರ ಧ್ವನಿ ಇವೇ ಸಾಕು. ಐದರಿಂದ ಏಳರವರೆಗೆ ಶಾಲೆಯಲ್ಲಿಟ್ಟು ಹಂಚಿಕೊಂಡು ಬಳಸುವ ಕೆಲವು ಟ್ಯಾಬ್ಲೆಟ್ಟುಗಳು ಉಪಯುಕ್ತ. ಎಂಟನೆಯ ತರಗತಿಯಿಂದ ಮುಂದೆ, ಸ್ವತಂತ್ರ ಬರೆವಣಿಗೆ ಮೊದಲಾಗುವ ಕಾಲಕ್ಕೆ, ಲ್ಯಾಪ್‌ಟಾಪಿನ ಪರಿಚಯ ಅವಶ್ಯ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಇಂದಿಗೂ ಕೈಬರೆಹದಲ್ಲಿಯೇ ಬರೆಯಬೇಕಾದುದರಿಂದ ಕಾಗದ ಲೇಖನಿಗಳ ಅಭ್ಯಾಸವನ್ನು ಎಂದಿಗೂ ಕೈಬಿಡಕೂಡದು. ಒಂದೇ ಯಂತ್ರವನ್ನು ಕೊಳ್ಳುವ ಶಕ್ತಿಯಿರುವ ಸಂಸಾರದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯಿದ್ದರೆ ಲ್ಯಾಪ್‌ಟಾಪನ್ನೇ ಕೊಳ್ಳುವುದು ಮೇಲು. ಪಾಠವನ್ನು ನೋಡುವ ಕೆಲಸ ಅದರಲ್ಲಿಯೂ ಆಗುತ್ತದೆ. ಈಗಾಗಲೇ ಟ್ಯಾಬ್ಲೆಟ್ ಮನೆಯಲ್ಲಿದ್ದರೆ ಅದಕ್ಕೆ ಹೊರಗಿನ ಕೀಲಿಮಣೆಯನ್ನು ಜೋಡಿಸಿ ಅರ್ಧ ಪ್ರಯೋಜನವನ್ನಾದರೂ ಪಡೆಯಬಹುದು.

ಕೊಳ್ಳುವವರು ಗಮನಿಸತಕ್ಕ ಸಂಗತಿಗಳು ಕೆಲವುಂಟು. ಲ್ಯಾಪ್‌ಟಾಪಿನಲ್ಲಿ 8 ಜಿ.ಬಿ. ಸ್ಮೃತಿಯೂ 256 ಜಿ.ಬಿ. ಸಂಗ್ರಹವೂ ಶಾಲೆಯ ಕೆಲಸಕ್ಕೆ ಸಾಕಾಗುತ್ತವೆ. ಕನ್ನಡವನ್ನು ಯುನಿಕೋಡ್ ಕ್ರಮದಲ್ಲಿಯೇ ಬರೆಯುವುದನ್ನು ರೂಢಿಸಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬರೆದುದು ಬೇರೆ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಕಚೇರಿಗಳಿಂದ ಹಳೆಯ ಲ್ಯಾಪ್‌ಟಾಪುಗಳನ್ನು ದಾನವಾಗಿ ಪಡೆಯುವ ಶಾಲೆಗಳು ಒಂದು ವಿಷಯವನ್ನು ತಿಳಿದಿರಬೇಕು. ವಿಂಡೋಸ್ 10 ಎಂಬ ವ್ಯವಸ್ಥೆಗೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂತಹ ಯಂತ್ರಗಳನ್ನು ಎಸೆಯಬೇಕಾಗಿಲ್ಲ. ಉಬುಂಟುವಿನಂತಹ ಉಚಿತ ಲಿನಕ್ಸ್ ವ್ಯವಸ್ಥೆಯನ್ನೂ, ಬರೆಹ ಮತ್ತು ಕೋಷ್ಟಕಗಳಿಗೆ ಲಿಬ್ರೆ ಆಫೀಸನ್ನೂ ಹಾಕಿದರೆ ಅವು ಇನ್ನೂ ಕೆಲವು ವರ್ಷ ಮಕ್ಕಳ ಸೇವೆಗೆ ಒದಗುತ್ತವೆ.

ಕಡೆಯದಾಗಿ ದಾನದ ವಿಚಾರ. ಮಹನೀಯರೊಬ್ಬರು ಒಂದು ಲಕ್ಷ ರೂಪಾಯಿಗಳನ್ನು ಕೊಟ್ಟರೆಂದು ಭಾವಿಸಬಹುದು. ತಲಾ ಹತ್ತು ಸಾವಿರದಂತೆ ಹತ್ತು ಟ್ಯಾಬ್ಲೆಟ್ಟುಗಳು, ಇಲ್ಲವೇ ತಲಾ ಮೂವತ್ತಮೂರು ಸಾವಿರದಂತೆ ಮೂರು ಲ್ಯಾಪ್‌ಟಾಪುಗಳು ಬರುತ್ತವೆನ್ನಿ. ಹತ್ತು ಮಕ್ಕಳು ಹತ್ತು ಯಂತ್ರಗಳನ್ನು ಹಿಡಿದು ವೇದಿಕೆಯ ಮೇಲೆ ನಿಂತ ನೋಟ ಕಣ್ಣಿಗೆ ಹಬ್ಬವೇ ಸರಿ. ಆದರೆ ಮೂರು ಲ್ಯಾಪ್‌ಟಾಪುಗಳನ್ನು ವಾಚನಾಲಯದಲ್ಲಿಟ್ಟು, ದಿನಕ್ಕೆ ಮೂರು ಗಂಟೆಗಳನ್ನು ಮುಕ್ಕಾಲು ಗಂಟೆಯ ನಾಲ್ಕು ಸರದಿಗಳಾಗಿ ವಿಂಗಡಿಸಿ, ವಾರಕ್ಕೆ ಆರು ದಿನ ನಡೆಸಿದರೆ 72 ಸರದಿಗಳಾಗುತ್ತವೆ. 36 ಮಕ್ಕಳಿಗೆ ವಾರಕ್ಕೆ ಎರಡೆರಡು ಸರದಿ ದೊರೆಯುತ್ತದೆ. ವಾರಕ್ಕೆ ಒಂದೂವರೆ ಗಂಟೆಯ ಕಾಲ ತನ್ನ ಮಾತನ್ನು ತಾನೇ ಬರೆದು ತಿದ್ದಿದ ವಿದ್ಯಾರ್ಥಿ ವರ್ಷಾಂತ್ಯಕ್ಕೆ ಎಷ್ಟು ಮುಂದೆ ಹೋಗಿರುತ್ತಾನೆಂಬುದನ್ನು ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ.

ರೇಚಿಮಯ್ಯನ ಕಾಲದ ಶಿಲ್ಪಿಗಳ ಉಳಿಗಳು ಎಲ್ಲಿ ಹೋದವೋ ಯಾರೂ ಬಲ್ಲವರಿಲ್ಲ. ಅವರು ಮಾಡಿದ ಕೆಲಸ ಉಳಿದಿದೆ. ಇಂದಿನ ಯಂತ್ರಗಳ ಆಯುಷ್ಯವಂತೂ ಐದಾರು ವರ್ಷ ಮಾತ್ರ. ಕೊಟ್ಟವರ ಹಣವೂ ಕಲಿಸಿದವರ ಶ್ರಮವೂ ಯಂತ್ರ ಸವೆದ ಮೇಲೆ ಉಳಿಯಬೇಕಾದರೆ, ಅವು ಬರೆಯಬಲ್ಲ ಕೈಯಾಗಿಯೂ ವಿಚಾರಿಸಬಲ್ಲ ಬುದ್ಧಿಯಾಗಿಯೂ ಮಕ್ಕಳಲ್ಲಿ ನೆಲೆಸಬೇಕು.