ಕಲ್ಲಂಗಡಿ, ಕರಬೂಜದ ಸೊರಗು ರೋಗ: ಮಣ್ಣಿನಲ್ಲೇ ಇದೆ ಮದ್ದು

ಚಿಕ್ಕಬಳ್ಳಾಪುರ ತಾಲ್ಲೂಕು ಮಂಡಿಕಲ್ ಹೋಬಳಿಯ ಒಂದು ಕಲ್ಲಂಗಡಿ ಹೊಲ. ಕಾಯಿ ತೆಂಗಿನಕಾಯಿ ಗಾತ್ರಕ್ಕೆ ಬಂದಿತ್ತು. ಮಧ್ಯಾಹ್ನ ಬಾಡಿದ ಬಳ್ಳಿ ಸಂಜೆಗೆ ಚೇತರಿಸಿಕೊಳ್ಳುತ್ತಿತ್ತು. ನಾಲ್ಕೈದು ದಿನ ಕಳೆದ ಮೇಲೆ ಅದೂ ನಿಂತಿತು. ನೀರು ಸಾಲದೆಂದು ತಿಳಿದ ರೈತರು ನೀರು ಹೆಚ್ಚಿಸಿದರು, ಅಂಗಡಿಯಿಂದ ಔಷಧಿ ತಂದು ಸಿಂಪಡಿಸಿದರು. ಬಳ್ಳಿ ಉಳಿಯಲಿಲ್ಲ. "ಹೋದ ವರ್ಷ ಇದೇ ಹೊಲದಲ್ಲಿ ಚೆನ್ನಾಗಿ ಬಂದಿತ್ತು ಸಾರ್. ಅದನ್ನೇ ನಂಬಿ ಸಾಲ ಮಾಡಿ ಮತ್ತೆ ಇಟ್ಟೆ. ಬರೋ ವರ್ಷ ಇಡಲೋ ಬಿಡಲೋ ಹೇಳಿ" ಎಂದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ಕೊಳವೆ ಬಾವಿಯ ನೀರನ್ನೇ ನಂಬಿ ಬೆಳೆ ಇಡುವ ಈ ಭಾಗದ ಅನೇಕ ರೈತ ಬಾಂಧವರ ಪ್ರಶ್ನೆ.

ರೋಗವನ್ನು ಗುರುತಿಸುವುದು ಹೇಗೆ?

ಬಾಡಿದ ಬಳ್ಳಿಯನ್ನು ಬೇರು ಸಹಿತ ಕಿತ್ತು, ಬುಡದ ಕಾಂಡವನ್ನು ಚಾಕುವಿನಿಂದ ಉದ್ದುದ್ದ ಸೀಳಿ ನೋಡಬೇಕು. ಒಳಗಿನ ನಾಳಗಳು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗ. ಬೇರಿನಲ್ಲಿ ಸಣ್ಣ ದೊಡ್ಡ ಗಂಟುಗಳಿದ್ದರೆ ಬೇರುಗಂಟು ಜಂತುಹುಳುವಿನ ಬಾಧೆ. ಎಷ್ಟೋ ಹೊಲಗಳಲ್ಲಿ ಎರಡೂ ಜೊತೆಯಾಗಿರುತ್ತವೆ. ಜಂತುಹುಳು ಬೇರಿಗೆ ಗಾಯ ಮಾಡಿ ಬಾಗಿಲು ತೆರೆಯುತ್ತದೆ, ಶಿಲೀಂಧ್ರ ಒಳಗೆ ನುಗ್ಗಿ ನೀರಿನ ನಾಳಗಳನ್ನು ಕಟ್ಟುತ್ತದೆ. ಎಲೆಯ ಮೇಲೆ ಸಿಂಪಡಿಸಿದ ಔಷಧಿಗೆ ಅಲ್ಲಿ ಕೆಲಸವಿಲ್ಲ.

ಈ ಶಿಲೀಂಧ್ರದ ಗಟ್ಟಿ ಬೀಜಾಣುಗಳು ಬೆಳೆ ಇಲ್ಲದಿದ್ದರೂ ಹಲವು ವರ್ಷ ಮಣ್ಣಿನಲ್ಲಿ ಬದುಕಿರುತ್ತವೆ. ಮೊದಲ ವರ್ಷ ನಾಲ್ಕು ಬಳ್ಳಿ ಸತ್ತದ್ದನ್ನು ನಾವು ಲೆಕ್ಕಕ್ಕೆ ಇಡುವುದಿಲ್ಲ. ಎರಡನೆಯ ವರ್ಷ ಅದೇ ಜಾಗದಿಂದ ರೋಗ ಹೊಲವೆಲ್ಲ ಹರಡುತ್ತದೆ.

ರೋಗ ತಡೆಯುವ ಮಣ್ಣು

ಫ್ರಾನ್ಸ್ ದೇಶದ ಶಾತೊರೆನಾರ್ ಎಂಬಲ್ಲಿ ರೈತರು ಬಹುಕಾಲದಿಂದ ಕರಬೂಜ ಬೆಳೆಯುತ್ತಿದ್ದರೂ ಸೊರಗು ರೋಗ ತಲೆ ಎತ್ತಿರಲಿಲ್ಲ. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಆ ಮಣ್ಣನ್ನು ಬಿಸಿ ಹಬೆಯಲ್ಲಿ ಕಾಯಿಸಿದಾಗ ರೋಗ ತಡೆಯುವ ಗುಣ ಹೋಯಿತು. ಕಾಯಿಸಿದ ಮಣ್ಣಿಗೆ ಕಾಯಿಸದ ಮಣ್ಣನ್ನು ಸ್ವಲ್ಪ ಬೆರೆಸಿದಾಗ ಆ ಗುಣ ಮರಳಿತು. ಎಂದರೆ ರೋಗ ತಡೆದದ್ದು ಮಣ್ಣಿನೊಳಗಿನ ಜೀವಿಗಳು. ರೋಗ ತರದ ಫ್ಯುಸೇರಿಯಂ ಜಾತಿಗಳೇ ಅನ್ನಕ್ಕೂ ಜಾಗಕ್ಕೂ ಪೈಪೋಟಿ ನಡೆಸಿ ರೋಗದ ಫ್ಯುಸೇರಿಯಂ ಅನ್ನು ಹತ್ತಿಕ್ಕಿದ್ದವು.

ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಹಿಂದೆ ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಹೊಂಗೆ ಸೊಪ್ಪು ಹೊಲಕ್ಕೆ ಬೀಳುತ್ತಿದ್ದವು. ಇವು ಕಡಿಮೆಯಾಗಿ ಬರೀ ರಾಸಾಯನಿಕ ಗೊಬ್ಬರವೇ ಉಳಿದರೆ ಉಪಕಾರಿ ಜೀವಿಗಳಿಗೆ ಆಹಾರವಿಲ್ಲ. ಯೂರಿಯಾ ಅತಿಯಾದರೆ, ಮಣ್ಣು ಹುಳಿಯಾದರೆ ಸೊರಗು ರೋಗಕ್ಕೆ ಅನುಕೂಲ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಇದ್ದರೆ ಮಾತ್ರ ಶಿಫಾರಸಿನಂತೆ ಸುಣ್ಣ ಹಾಕಿ.

ಜೈವಿಕ ಗೊಬ್ಬರ ತಯಾರಿಸುವ ಬಗೆ

ಟ್ರೈಕೋಡರ್ಮ ಒಂದು ಉಪಕಾರಿ ಶಿಲೀಂಧ್ರ. ಇದು ರೋಗದ ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು ಅವನ್ನು ಕರಗಿಸಿ ತಿನ್ನುತ್ತದೆ. ಸ್ಯೂಡೋಮೊನಾಸ್ ಒಂದು ದುಂಡಾಣು. ಬೇರಿನ ಸುತ್ತ ಬೆಳೆದು, ಕಬ್ಬಿಣದ ಅಂಶವನ್ನು ತಾನೇ ಹಿಡಿದಿಟ್ಟುಕೊಂಡು ರೋಗಾಣುವಿಗೆ ಸಿಗದಂತೆ ಮಾಡುತ್ತದೆ.

ಎಕರೆಗೆ 2 ಕಿಲೋ ಟ್ರೈಕೋಡರ್ಮ ಪುಡಿಯನ್ನು 200 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು 20 ಕಿಲೋ ಬೇವಿನ ಹಿಂಡಿಯೊಂದಿಗೆ ಬೆರೆಸಿ, ನೆರಳಿನಲ್ಲಿ ಗುಡ್ಡೆ ಹಾಕಿ. ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ವಾರಕ್ಕೊಮ್ಮೆ ಮಗುಚಿ ಹಾಕಿ. ಸುಮಾರು 15 ದಿನಗಳಲ್ಲಿ ಹಸಿರು ಬೂಸ್ಟು ಹರಡುತ್ತದೆ. ಇದನ್ನು ಮಲ್ಚಿಂಗ್ ಶೀಟ್ ಹಾಸುವ ಮೊದಲೇ ಸಸಿ ಇಡುವ ಏರುಮಡಿಗೆ ಸೇರಿಸಬೇಕು. ಶೀಟ್ ಹಾಸಿದ ಮೇಲೆ ಗೊಬ್ಬರ ಬೇರಿಗೆ ಮುಟ್ಟಿಸುವುದು ಕಷ್ಟ. ನೀವೇ ಬಿತ್ತುವುದಾದರೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಅಥವಾ 10 ಗ್ರಾಂ ಸ್ಯೂಡೋಮೊನಾಸ್ ಲೇಪಿಸಿ. ಹನಿ ನೀರಾವರಿಯಲ್ಲಿ ಸ್ಯೂಡೋಮೊನಾಸ್ ಬಿಡುವಾಗ ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲವಾದರೆ ತೂತು ಕಟ್ಟಿಕೊಳ್ಳುತ್ತದೆ.

ಇವು ಜೀವಂತ ಪದಾರ್ಥಗಳೆಂಬುದು ನೆನಪಿರಲಿ. ಅವಧಿ ಮುಗಿದ ಪೊಟ್ಟಣ ಕೊಳ್ಳಬೇಡಿ; ಗ್ರಾಂಗೆ ಕನಿಷ್ಠ 20 ಲಕ್ಷ ಟ್ರೈಕೋಡರ್ಮ ಜೀವಾಣುಗಳಿರಬೇಕು. ಬಿಸಿಲಿನಲ್ಲಿ ಇಡಬೇಡಿ. ಕಾರ್ಬೆಂಡಜಿಂನಂತಹ ಶಿಲೀಂಧ್ರನಾಶಕ ಟ್ರೈಕೋಡರ್ಮವನ್ನೂ ಕೊಲ್ಲುತ್ತದೆ. ಒಂದು ಕೈಯಲ್ಲಿ ಜೀವ ಬಿತ್ತಿ, ಇನ್ನೊಂದು ಕೈಯಲ್ಲಿ ಅದನ್ನೇ ಕೊಂದರೆ ಹಣವಷ್ಟೇ ದಂಡ.

ಬೆಳೆ ಬದಲಾಯಿಸಿ

ಕಲ್ಲಂಗಡಿಯನ್ನು ಕಾಡುವ ಫ್ಯುಸೇರಿಯಂ ಬೇರೆ, ಕರಬೂಜವನ್ನು ಕಾಡುವುದು ಬೇರೆ. ಆದರೆ ಜಂತುಹುಳುವಿಗೆ ಎರಡೂ ಒಂದೇ. ಟೊಮ್ಯಾಟೊ, ಬದನೆ, ಹಿಪ್ಪುನೇರಳೆಯೂ ಅದಕ್ಕೆ ಊಟವೇ. ಟೊಮ್ಯಾಟೊ ಕಿತ್ತ ಹೊಲಕ್ಕೆ ಕಲ್ಲಂಗಡಿ ಇಟ್ಟರೆ ಹುಳುವಿಗೆ ಬಿಡುವೇ ಇಲ್ಲದಂತಾಗುತ್ತದೆ. ನಡುವೆ ರಾಗಿ ಅಥವಾ ಚೆಂಡು ಹೂ ಬೆಳೆಯಿರಿ. ಚೆಂಡು ಹೂವಿನ ಬೇರು ಜಂತುಹುಳುವನ್ನು ಕುಗ್ಗಿಸುತ್ತದೆ. ರೋಗದ ಬಳ್ಳಿಯನ್ನು ತಿಪ್ಪೆಗೆ ಎಸೆಯದೆ ಸುಟ್ಟುಹಾಕಿ. ಬಾಡಿಗೆ ಟ್ರ್ಯಾಕ್ಟರಿನ ನೇಗಿಲಿಗೆ ಅಂಟಿದ ಮಣ್ಣನ್ನು ತೊಳೆಸಿಯೇ ನಿಮ್ಮ ಹೊಲಕ್ಕೆ ಇಳಿಸಿ.

ಕೊನೆಯ ಮಾತು

ಮಂಡಿಕಲ್ಲಿನ ಆ ರೈತರಿಗೆ ಕೊಟ್ಟ ಉತ್ತರ ಇಷ್ಟು: "ಬರುವ ವರ್ಷ ಈ ಹೊಲಕ್ಕೆ ಕಲ್ಲಂಗಡಿ ಬೇಡ. ರಾಗಿ ಬಿತ್ತಿ, ಗೊಬ್ಬರ ಕೊಡಿ, ಕೆಲವು ವರ್ಷ ಕಾಯಿರಿ. ಕಲ್ಲಂಗಡಿಯನ್ನು ರೋಗ ಕಾಣದ ಬೇರೆ ಹೊಲಕ್ಕೆ, ಟ್ರೈಕೋಡರ್ಮ ಕೂಡಿಸಿದ ಗೊಬ್ಬರದೊಂದಿಗೆ ಇಡಿ." ಬಾಡಿದ ಬಳ್ಳಿಯನ್ನು ಯಾವ ಜೈವಿಕ ಔಷಧಿಯೂ ಎಬ್ಬಿಸದು. ಅದರ ಕೆಲಸವೆಲ್ಲ ಸಸಿ ಇಡುವ ಮೊದಲೇ ಆಗಬೇಕು. ಸಂದೇಹವಿದ್ದರೆ ಬಾಡಿದ ಬಳ್ಳಿಯನ್ನು ಬೇರು, ಮಣ್ಣು ಸಹಿತ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿ. ಸಾಲ ಮಾಡುವ ಮೊದಲು ಮಣ್ಣನ್ನು ವಿಚಾರಿಸುವುದು ಲೇಸು.